ಹುಲಗೂರ ಕಾರಿನ ಹೊಗೆ

ಆ ಕಾರು ಬಂದದ್ದು ಮೊದಲು ಮೂಗಿಗೆ ತಿಳಿಯಿತು, ಆಮೇಲೆ ಕಿವಿಗೆ. ಕಣ್ಣಿಗೆ ಎಲ್ಲಕ್ಕಿಂತ ತಡವಾಗಿ. ಸವಣೂರಿನ ನನ್ನ ಗ್ಯಾರೇಜಿನ ತಗಡಿನ ಚಪ್ಪರದ ಕೆಳಗೆ ಒಂದು ಟ್ರ್ಯಾಕ್ಟರಿನ ಹೊಟ್ಟೆಯಲ್ಲಿ ಕೈಯಿಟ್ಟು ಕೂತಿದ್ದೆ. ಓಣಿಯ ತುದಿಯಲ್ಲಿ ನೀಲಿ ಮೋಡವೊಂದು ತಿರುಗಿ ನನ್ನ ಕಡೆಗೇ ಬರತೊಡಗಿತು. ಎದುರಿನ ವೀಳ್ಯದೆಲೆ ಅಂಗಡಿಯವನು ಎಲೆಯ ಕಟ್ಟುಗಳ ಮೇಲೆ ಒದ್ದೆ ಗೋಣಿ ಎಳೆದುಕೊಂಡ. ಮೋಡ ನನ್ನ ಬಾಗಿಲಿಗೆ ಬಂದು ನಿಂತು, ಎರಡು ಸಲ ಕೆಮ್ಮಿ, ಸುಮ್ಮನಾಯಿತು. ಹೊಗೆ ಸರಿದ ಮೇಲೆ ಅದರೊಳಗೊಂದು ಕಾರು ಇರುವುದು ಕಂಡಿತು. ಒಂದು ಕಾಲಕ್ಕೆ ಬೆಳ್ಳಗಿದ್ದ, ಗುಂಡು ಬೆನ್ನಿನ ಹಳೆಯ ಟ್ಯಾಕ್ಸಿ.

ಹುಲಗೂರಿನ ಟ್ಯಾಕ್ಸಿ ಅದು. ದರ್ಗಾಕ್ಕೆ ಬರುವವರನ್ನು, ಹುಬ್ಬಳ್ಳಿಯ ದವಾಖಾನೆಗೆ ಹೋಗುವ ಬಸುರಿಯರನ್ನು, ಲಗ್ನದ ಹೆಣ್ಣುಗಂಡುಗಳನ್ನು ಹೊತ್ತು ಹೊತ್ತು ಆ ಸೀಮೆಯ ಅರ್ಧ ಜನಕ್ಕೆ ಪರಿಚಯವಾಗಿದ್ದ ಗಾಡಿ. ಮಾಲಕನೇ ಡ್ರೈವರ್. ಹೊಲ ಮನೆ ಇದ್ದ ಒಕ್ಕಲಿನವನು. ಮೂವರು ಅಣ್ಣತಮ್ಮಂದಿರಲ್ಲಿ ಹಿರಿಯ. ಕೆಳಗಿಳಿದು, ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಟವೆಲ್ಲಿನ ಮೇಲೆ ಮುಖದ ಅಚ್ಚು ಮೂಡಿತು.

"ಆಚಾರ್ರ, ಸಾಹೇಬ್ರು ಫೇಲ್ ಮಾಡ್ಯಾರ್ರಿ."

"ಯಾಕಂತ?"

"ಹೊಗಿ ಅಂತ. ಶಿಗ್ಗಾವಿ ಕ್ಯಾಂಪಿನ್ಯಾಗ ಎಲ್ಲಾರ ಮುಂದ 'ಇದ ಕಾರೋ, ಇಟ್ಟಂಗಿ ಭಟ್ಟಿಯೋ' ಅಂತ ಕೇಳಿದ್ರು. ಮಂದಿ ಮುಂದ ಹಂಗ ಕೇಳಿದ್ರ ಏನ ಹೇಳೋದ್ರಿ?"

ಎಂಬತ್ತರ ದಶಕದ ನಡುವಿನ ಮಾತಿದು. ಹೊಗೆ ಅಳೆಯುವ ಯಂತ್ರ ನಮ್ಮ ಕಡೆ ಇನ್ನೂ ಬಂದಿರಲಿಲ್ಲ. ತಾಲೂಕಿಗೊಂದರಂತೆ ಕ್ಯಾಂಪು ಹಾಕಿ ಬಾಡಿಗೆ ಗಾಡಿಗಳು ಓಡಲು ಯೋಗ್ಯವೋ ಎಂದು ನೋಡಿ ಪಾಸಿಂಗ್ ಮಾಡಲು ಬರುವ ಆರ್‌ಟಿಓ ಸಾಹೇಬರ ಕಣ್ಣೇ ಯಂತ್ರ. ಆದರೆ ಪೇಪರಿನಲ್ಲಿ ಆಗಲೇ ಹೊಗೆಯ ಸುದ್ದಿ ಬರತೊಡಗಿತ್ತು. ಮೊದಲು ಬ್ರೇಕು, ದೀಪ, ಹಾರ್ನು ನೋಡಿ ಬಿಡುತ್ತಿದ್ದವರು ಈಗ ಗಾಡಿಯ ಹಿಂದೆ ಹೋಗಿ ನಿಲ್ಲುತ್ತಿದ್ದರು. ಈ ಸಾಹೇಬರಂತೂ ಒಂದು ಬಿಳಿ ಕಾಗದ ಮಡಚಿ ಸೈಲೆನ್ಸರಿನ ಬಾಯಿಗೆ ಹಿಡಿಯುತ್ತಾರೆ ಎಂದು ಕೇಳಿದ್ದೆ.

"ಮುಂದಿನ ಕ್ಯಾಂಪು ಹಾನಗಲ್ಲಾಗ ಐತ್ರಿ," ಅಂದ ಮಾಲಕ. "ಅಲ್ಲಿ ಪಾಸಾಗಲಿಲ್ಲಂದ್ರ ಗುಜರಿಗೆ ಹಾಕೋದು ಅಂತ ತಮ್ಮಗೋಳು ಅಂದ್ರು. ಹುಬ್ಬಳ್ಳಿಯಿಂದ ಗುಜರಿಯಾವ ಬಂದು, ಗಾಡಿ ಬಾಗಲಾ ಬಡದು, ನೋಡಿ ಹ್ವಾದ. ನಾನೂ ಹೂಂ ಅಂದೇನಿ." ಆಮೇಲೆ ದನಿ ತಗ್ಗಿಸಿದ. ಓಣಿಯಲ್ಲಿ ನಾವಿಬ್ಬರೇ ಇದ್ದರೂ. "ಅವ್ವಗ ಹೇಳಿಲ್ರಿ."

"ಯಾಕ?"

"ಆಕೀಗಿ ನಾವು ಮೂವರೂ ಗಂಡಸ ಮಕ್ಕಳು. ಹೆಣ್ಣ ಹುಟ್ಟಲಿಲ್ಲ. ಈ ಗಾಡಿ ಮನಿಗೆ ಬಂದಾಗ ಆರತಿ ಮಾಡಿ ಒಳಗ ಕರಕೊಂಡಾಕಿ. ಅವತ್ತಿಂದ 'ಆಕಿ' ಅಂತಾನ ಅಂತಾಳ. 'ಆಕಿ ಬಂದ್ಲೇನು, ಆಕಿ ಮೈ ತೊಳದ್ಯೇನು.' ಗುಜರಿ ಅಂತ ನಾ ಯಾವ ಬಾಯಿಲೆ ಹೇಳ್ಲಿ?"

ಇಷ್ಟು ಕೇಳಿ, ಬುದ್ಧಿ ಇದ್ದವನು ಹುಬ್ಬಳ್ಳಿಯ ದೊಡ್ಡ ಗ್ಯಾರೇಜಿಗೆ ಕಳಿಸುತ್ತಿದ್ದ. ನಾನು "ಬಿಟ್ಟು ಹೋಗ್ರಿ, ನೋಡೋಣು" ಅಂದೆ. ಅಂದ ಮರುಕ್ಷಣದಿಂದ ಚಿಂತೆ ಶುರುವಾಯಿತು.

ನನ್ನ ಚಿಂತೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಇನ್ನೊಬ್ಬ ಮೇಸ್ತ್ರಿಗೆ ಕಿರ್ ಎಂದು ಕೇಳಿಸಿದ್ದು ನನಗೆ ಗಾಲಿ ಕಳಚಿ ಕೆರೆಗೆ ಉರುಳಿದಂತೆ ಕೇಳಿಸುತ್ತದೆ. ನಟ್ಟು ಬಿಗಿದು ಮನೆಗೆ ಬಂದು, ಊಟಕ್ಕೆ ಕೂತು, ಬಿಗಿದೆನೋ ಇಲ್ಲವೋ ಎಂದು ಎದ್ದು ಹೋಗಿ ನೋಡಿ ಬಂದದ್ದಿದೆ. "ಚಿಂತಿ ಮಾಡ್ಲಿಕ್ಕೆ ಏನೂ ಸಿಗದಿದ್ರ, ಯಾಕ ಸಿಗವಲ್ತು ಅಂತ ಚಿಂತಿ ಮಾಡ್ತೀರಿ ನೀವು," ಅನ್ನುತ್ತಾಳೆ ನನ್ನಾಕೆ. ನಮ್ಮದು ವೈದಿಕ ಮನೆತನ, ಹಿರಿಯರೆಲ್ಲ ಪಾಠ ಪ್ರವಚನ ಮಾಡಿದವರು. ಅಣ್ಣ ವಕೀಲ. ನಾನೊಬ್ಬ ನಟ್ಟು ತಿರುವುವ ಪಾನಾ ಹಿಡಿದೆ. ಆದರೂ ಊರವರಿಗೆ ನಾನು ಆಚಾರ್ರೇ. ಕೈತುಂಬ ಗ್ರೀಸು ಮೆತ್ತಿಕೊಂಡು ನಿಂತಾಗಲೂ ನಮಸ್ಕಾರ ಮಾಡುತ್ತಿದ್ದರು. ಅದೂ ಒಂದು ಚಿಂತೆಯೇ.

ಹೊಗೆಗೆ ಬಣ್ಣವಿರುತ್ತದೆ, ಬಣ್ಣದಿಂದಲೇ ರೋಗ ತಿಳಿಯಬೇಕು. ಕಪ್ಪಾದರೆ ಪೆಟ್ರೋಲು ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ. ನೀಲಿಯಾದರೆ ಎಂಜಿನ್ನಿನ ಎಣ್ಣೆಯೇ ಉರಿಯುತ್ತಿದೆ. ನಿಲ್ಲದ ಬಿಳಿಯಾದರೆ ನೀರು ಒಳಗೆ ಇಳಿಯುತ್ತಿದೆ. ಈ ಕಾರು ಹೊರಡುವಾಗ ಕಪ್ಪು, ಓಡುವಾಗ ನೀಲಿ.

"ಸೀಮೆಎಣ್ಣಿ ಕೂಡಸ್ತೀರೇನು ಪೆಟ್ರೋಲಿನಾಗ?" ಎಂದು ಮಾಲಕನನ್ನು ಕೇಳಿದೆ.

"ದೇವರಾಣಿ ಇಲ್ರಿ."

ನಾನು ಸುಮ್ಮನೆ ನೋಡಿದೆ.

"ತಡಸದ ಹತ್ರ ಒಂದ ಸಲ, ಪೆಟ್ರೋಲ್ ಸಿಗದಾಗ."

ಇನ್ನೂ ನೋಡಿದೆ.

"ಹಬ್ಬ ಹುಣ್ಣಿವಿಗೊಮ್ಮೆ ಅನ್ರಿ."

ಕಾರ್ಬುರೇಟರ್ ಬಿಚ್ಚಿ ತೊಳೆದೆ. ಗಾಳಿ ಸೋಸುವ ಜಾಳಿಗೆಯಲ್ಲಿ ಹುಲಗೂರಿನ ಅರ್ಧ ಹೊಲ ಕೂತಿತ್ತು. ಅದನ್ನೂ ತೊಳೆದ ಮೇಲೆ ಕಪ್ಪು ಹೋಯಿತು. ನೀಲಿ ಉಳಿಯಿತು. ಪ್ಲಗ್ಗುಗಳನ್ನು ತೆಗೆದು ಒಂದೊಂದೇ ತೂತಿಗೆ ಒತ್ತಡ ಅಳೆಯುವ ಗೇಜು ಹಿಡಿದು ಎಂಜಿನ್ ತಿರುಗಿಸಿದರೆ, ಎರಡನೆಯದರಲ್ಲಿಯೂ ಮೂರನೆಯದರಲ್ಲಿಯೂ ಒತ್ತಡ ಬಹಳ ಕಡಿಮೆ. ಆ ಎರಡೂ ತೂತುಗಳಿಗೆ ಒಂದೊಂದು ಚಮಚ ಎಣ್ಣೆ ಬಿಟ್ಟು ಮತ್ತೆ ಹಿಡಿದೆ. ಒತ್ತಡ ಏರಿತು. ಎಣ್ಣೆ ಬಿಟ್ಟರೆ ಏರುತ್ತದೆಂದರೆ ಪಿಸ್ಟನ್ನಿನ ಸುತ್ತ ಇರುವ ರಿಂಗುಗಳು ಸವೆದಿವೆ, ಆ ಸಂದಿಯಿಂದಲೇ ಎಣ್ಣೆ ಮೇಲೇರಿ ಉರಿಯುತ್ತಿದೆ ಎಂದರ್ಥ. ಎಂಜಿನ್ನಿನ ಹೆಡ್ಡು ಬಿಚ್ಚಿ, ಕೆಳಗೆ ಎಣ್ಣೆ ನಿಲ್ಲುವ ಚೇಂಬರ್ ಇಳಿಸಿ, ಪಿಸ್ಟನ್ನುಗಳನ್ನು ಹೊರಗೆಳೆದೆ. ಮೂರನೆಯದರ ರಿಂಗು ಎರಡು ತುಂಡಾಗಿ ಅಂಗೈಗೆ ಬಂತು. ಪಿಸ್ಟನ್ ಆಡುವ ಕೊಳವೆಯ ಒಳಗೋಡೆಗೆ ಉಗುರು ಆಡಿಸಿದರೆ ಮೇಲ್ತುದಿಯಲ್ಲಿ ಸವೆಯದೆ ಉಳಿದ ಏಣು ತಾಕಿತು.

ಸರಿಯಾದ ಕೆಲಸವೆಂದರೆ ಹುಬ್ಬಳ್ಳಿಯಲ್ಲಿ ಕೊಳವೆಯನ್ನು ಕೊರೆಸಿ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕುವುದು. ಅಲ್ಲಿಯ ಲೇಥಿನವರು ಹೇಳಿದ ದಿನ ಹಾನಗಲ್ಲಿನ ಕ್ಯಾಂಪು ಮುಗಿದ ಮೇಲಿನದು. ಹಾಗಾಗಿ ಏಣನ್ನು ಕೈಯಿಂದಲೇ ಕೆರೆದು ತೆಗೆದು, ಗೋಡೆಯನ್ನು ಉಜ್ಜಿ, ಒಂದು ಅಳತೆ ದೊಡ್ಡ ರಿಂಗು ಹಾಕುವುದೆಂದು ಠರಾಯಿಸಿದೆ. ಹುಬ್ಬಳ್ಳಿಗೆ ಹೋಗಿ ರಿಂಗು ತಂದೆ. ತಂದು ಕೊಳವೆಯಲ್ಲಿಟ್ಟು ನೋಡಿದರೆ ರಿಂಗಿನ ಎರಡು ತುದಿಗಳ ನಡುವೆ ಬೆರಳು ತೂರುವಷ್ಟು ಸಂದಿ. ಡಬ್ಬಿಯ ಮೇಲಿನ ಅಳತೆ ಒಂದು, ಒಳಗಿನದು ಇನ್ನೊಂದು. ಮರುದಿನ ಮತ್ತೆ ಬಸ್ಸು. ಈ ಸಲ ಬದಲಾಯಿಸಿಕೊಂಡು ಬರುವಾಗ ಮನಸ್ಸು ತಡೆಯದೆ, ತಡಸದಲ್ಲಿ ಬಸ್ಸು ನಿಂತಾಗ ತೊಡೆಯ ಮೇಲೆ ಡಬ್ಬಿ ಬಿಚ್ಚಿ ಒಂದೊಂದೇ ರಿಂಗು ಅಳೆಯತೊಡಗಿದೆ. ಪಕ್ಕದಲ್ಲಿ ಕೂತ ಮುದುಕಿ ಬಹಳ ಹೊತ್ತು ನೋಡಿ, "ಬಳಿ ಸಣ್ಣವಾಕ್ಕಾವು ತಮ್ಮಾ, ಯಾರಿಗಿ ಒಯ್ಯಾಕತ್ತಿ?" ಅಂದಳು.

ರಿಂಗು ಕೂಡಿಸುವ ದಿನ ಮಾಲಕನ ಅವ್ವ ಬಂದಳು. ಹಣೆತುಂಬ ಕುಂಕುಮ, ಇಳಕಲ್ ಸೀರೆ. ನಾನು ಬೇರೆಯವರ ಕೈಯ ಅಡುಗೆ ಉಣ್ಣುವೆನೋ ಇಲ್ಲವೋ ಎಂಬ ಅನುಮಾನದಿಂದ ಬಾಳೆಹಣ್ಣಿನ ಚಿಪ್ಪು ತಂದಿದ್ದಳು. ಗೋಣಿಯ ಮೇಲೆ ಸಾಲಾಗಿ ಹರವಿದ್ದ ವಾಲ್ವು, ಸ್ಪ್ರಿಂಗು, ಪಿಸ್ಟನ್ನುಗಳ ಮುಂದೆ ನಿಂತು ಬಾಯಿಗೆ ಸೆರಗು ಹಚ್ಚಿಕೊಂಡಳು.

"ಎಷ್ಟ ಬಿಚ್ಚೀರಿ ಆಕೀನ್ನ. ಇವೆಲ್ಲಾ ತಿರಗಿ ಒಳಗ ಹೊಕ್ಕಾವೇನ್ರಿ?"

"ಹೊಗ್ತಾವ ಅವ್ವಾರ." ನನಗೂ ಅದೇ ಚಿಂತೆ ಇತ್ತು ಎಂದು ಹೇಳಲಿಲ್ಲ.

ಆಕೆ ಹೋಗಲಿಲ್ಲ. ನೆರಳಿಗೆ ಕೂತಳು. ಎಲ್ಲ ಕೂಡಿಸಿ, ಬಿಗಿದು, ಎಂಜಿನ್ನಿನ ತಲೆಯ ಮೇಲಿನ ಮುಚ್ಚಳ ತಿರುವಿ ತೆಗೆದು ನಾನು ಹೊಸ ಎಣ್ಣೆ ಸುರಿಯುವವರೆಗೂ ಕೂತೇ ಇದ್ದಳು.

"ಅದೇನ್ರಿ?"

"ಎಣ್ಣಿ. ಇದು ಆಕಿ ಊಟ ಇದ್ದಂಗ. ಇದಿಲ್ಲಂದ್ರ ಒಣಾ ರೊಟ್ಟಿ ತಿಂದಂಗಾಗ್ತದ, ಒಳಗ ಉಜ್ಜಿ ಹೋಗ್ತದ."

"ಓಹೋ. ಇದು ಆಕಿ ಬಾಯೇನು?" ಎಂದು ಮುಚ್ಚಳದ ಜಾಗವನ್ನು ಬಗ್ಗಿ ನೋಡಿದಳು. ಹೌದು ಅಂದೆ. ಬಹಳ ಚಂದ ತಿಳಿಸಿ ಹೇಳಿದೆ ಎಂದು ಮನಸ್ಸಿನಲ್ಲೇ ಬೀಗಿದೆ ಕೂಡ.

ಹೊಸ ರಿಂಗು ಹಾಕಿದ ಎಂಜಿನ್ನನ್ನು ಒಮ್ಮೆಲೇ ಓಡಿಸಬಾರದು. ರಿಂಗು ಗೋಡೆಗೆ ಹೊಂದುವ ತನಕ ನಿಧಾನ ತಿರುಗಿಸಬೇಕು. ನಾನೂ ಮಾಲಕನೂ ಹಾವೇರಿ ದಾಟಿ, ಹಂಸಭಾವಿಯ ಮೇಲೆ ಹಿರೇಕೆರೂರಿನ ತನಕ ಹೋಗಿ ಬರುವುದೆಂದಾಯಿತು. ಅವನು ಮುಂದೆ ನೋಡಿ ನಡೆಸಿದ. ನಾನು ಸೀಟಿನ ಮೇಲೆ ಮಂಡಿಯೂರಿ ಹಿಂದಿನ ಗಾಜಿನಿಂದ ಹೊಗೆ ನೋಡುತ್ತ ಹೋದೆ. ಹಿರೇಕೆರೂರ ದಾರಿಯ ಚೆಲುವನ್ನು ನಾನು ಪೂರ್ತಿ ಹಿಮ್ಮುಖವಾಗಿಯೇ ನೋಡಿದ್ದು. ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋಗುತ್ತ ಒಳಗೆ ಇಣುಕಿದ.

"ಮದಿಮಗನ್ನ ಕುಂದ್ರಿಸೀರೇನ್ರಿ, ಇಷ್ಟ ಸಾವಕಾಶ?"

"ಹೊಸಾ ರಿಂಗ್ ಹಾಕ್ಯಾರಪಾ," ಅಂದ ಮಾಲಕ.

"ಹಂಗಾರ ಮದಿಮಗನ," ಎಂದು ಅವನು ತುಳಿದುಕೊಂಡು ಹೋದ.

ಹಾವೇರಿಯ ತನಕ ಹಿಂದೆ ತೆಳು ನೀಲಿ ಎಳೆ ಬರುತ್ತಿತ್ತು. ಹಂಸಭಾವಿಯಲ್ಲಿ ಚಹಾ ಕುಡಿದು ಹೊರಟಾಗ ಅದು ಆಗೊಮ್ಮೆ ಈಗೊಮ್ಮೆ ಆಯಿತು. ಹಿರೇಕೆರೂರಿನ ಕೆರೆಯ ಏರಿಯ ಮೇಲೆ ನಿಲ್ಲಿಸಿ, ನನ್ನ ಬಿಳಿ ಕರವಸ್ತ್ರವನ್ನು ಸೈಲೆನ್ಸರಿಗೆ ಹಿಡಿದು, "ಜೋರ ಮಾಡ್ರಿ" ಅಂದೆ. ಕರವಸ್ತ್ರ ಬೆಚ್ಚಗಾಯಿತು, ಕಪ್ಪಾಗಲಿಲ್ಲ. ಮಾಲಕ ಇಳಿದು ಬಂದು ಕರವಸ್ತ್ರವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಅವನು ಕೆರೆಯ ನೀರಿನಿಂದ ಕಾರಿನ ಮುಖ ತೊಳೆಯುತ್ತಿದ್ದಾಗ, ಇಷ್ಟು ಬೇಗ ಹೊಗೆ ನಿಂತದ್ದು ಒಳ್ಳೆಯದಲ್ಲ, ಏನೋ ಇದೆ ಎಂದು ನಾನು ಯೋಚಿಸುತ್ತಿದ್ದೆ.

ಕ್ಯಾಂಪಿನ ಹಿಂದಿನ ದಿನ ಕಾರು ನನ್ನ ಕಣ್ಣ ಮುಂದೆ ಗ್ಯಾರೇಜಿನಲ್ಲೇ ಇರಲಿ ಅಂದೆ. ಮಾಲಕ ತಲೆ ಕೆರೆದುಕೊಂಡ.

"ಅವ್ವ ಕೇಳವಲ್ಲಳ್ರಿ. 'ಪರೀಕ್ಷಾಕ್ಕ ಹೊಂಟಾಳ, ಮನಿಯಿಂದ ಹೊಂಡಲಿ, ಪೂಜಿ ಮಾಡಿ ಕಳಸತೇನಿ' ಅಂತಾಳ."

ಪೂಜೆಗೆ ಬೇಡ ಅನ್ನಲು ನಾನು ಹುಟ್ಟಿದ ಮನೆತನ ಬಿಡಲಿಲ್ಲ. ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ಗೆರೆಗೆ ಸರಿಯಾಗಿದೆ ಎಂದು ನೋಡಿ, ಕಳಿಸಿಕೊಟ್ಟೆ.

ಮರುದಿನ ಬೆಳಿಗ್ಗೆ ಓಣಿಯ ತುದಿಯಲ್ಲಿ ಕಾರು ತಿರುಗಿತು. ಚೆಂಡುಹೂವಿನ ಮಾಲೆ, ಬಾನೆಟ್ಟಿಗೆ ಕುಂಕುಮ. ಹಿಂದಿನ ಸೀಟಿನಲ್ಲಿ ಅವ್ವ, ಮಡಿಲಲ್ಲೊಂದು ಚೀಲ. ಅದರ ಹಿಂದೆ, ಬೆಳಗಿನ ಬಿಸಿಲಿನಲ್ಲಿ ಎಷ್ಟು ಚೆಂದ ಕಾಣಬಾರದೋ ಅಷ್ಟು ಚೆಂದವಾಗಿ, ನೀಲಿ.

ಎದುರಿನ ಅಂಗಡಿಯವನು ಎಲೆಗಳ ಮೇಲೆ ಗೋಣಿ ಎಳೆದುಕೊಂಡ.

"ಹೊಂಡೂವಾಗ ಸ್ವಲ್ಪ ಬಂತ್ರಿ," ಅಂದ ಮಾಲಕ, ನನ್ನ ಮುಖ ನೋಡದೆ. "ಥಂಡಿಗೆ ಇರಬೇಕು."

ಥಂಡಿಗಲ್ಲ. ನಾನೂ ಹತ್ತಿ ಹೊರಟು ಬಂಕಾಪುರ ದಾಟುವಷ್ಟರಲ್ಲಿ ಹೆಚ್ಚಾಯಿತು. ಹಾನಗಲ್ಲಿನ ಭತ್ತದ ಗದ್ದೆಗಳ ನಡುವೆ ಹೋಗುವಾಗ ಹಿಂದೆ ಬರುತ್ತಿದ್ದ ಟೆಂಪೋದವನು ದೂರ ಉಳಿದುಬಿಟ್ಟ. ನಾನು ಎದುರಿನ ದಾರಿಯನ್ನೇ ನೋಡುತ್ತ ಕೂತಿದ್ದೆ. ಹಿಂದಕ್ಕೆ ತಿರುಗುವ ಧೈರ್ಯವಿರಲಿಲ್ಲ. ತಲೆಯೊಳಗೆ ಎಂಜಿನ್ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಹೊಸ ರಿಂಗು ಮುರಿದಿದೆ. ಮುರಿದ ತುಂಡು ಗೋಡೆಯನ್ನು ಗೀರಿದೆ. ಇಲ್ಲ, ಬೋರ್ ಮಾಡಿಸಬೇಕಿತ್ತು. ಇಲ್ಲ, ನಾನು ಅಣ್ಣನಂತೆ ವಕೀಲನಾಗಬೇಕಿತ್ತು.

ಹಾನಗಲ್ಲಿನ ಪ್ರವಾಸಿ ಮಂದಿರದ ಹಿಂದಿನ ಬಯಲಲ್ಲಿ ಲಾರಿ, ಟೆಂಪೋ, ಟ್ಯಾಕ್ಸಿಗಳ ಸಾಲು. ತುದಿಯಲ್ಲಿ ಬೇವಿನ ಗಿಡದ ಕೆಳಗೆ ಟೇಬಲ್ಲು ಹಾಕಿಕೊಂಡು ಸಾಹೇಬರು. ಕಣ್ಣಿಗೆ ಚಾಳೀಸು, ಇಸ್ತ್ರಿಯ ಅಂಗಿ, ಜೇಬಿನಲ್ಲಿ ಮಡಚಿದ ಬಿಳಿ ಕಾಗದ. ನಮ್ಮದು ಬಹಳ ಹಿಂದಿನ ಪಾಳಿ. ಎಂಜಿನ್ ಬಂದ್ ಮಾಡಿ ಬಾನೆಟ್ಟು ಎತ್ತಿದೆ. ಹೆಡ್ಡು ಬಿಚ್ಚಿಯೇ ನೋಡಬೇಕು ಎಂದು ಪಾನಾಗಳ ಗಂಟು ಬಿಚ್ಚಿದೆ. ಬಯಲಿನಲ್ಲಿ ಹೆಡ್ಡು ಬಿಚ್ಚಿದರೆ ಸಂದಿ ಮುಚ್ಚುವ ಗ್ಯಾಸ್ಕೆಟ್ ಹರಿಯುತ್ತದೆ, ಆಮೇಲೆ ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡೇ ಹೋಗಬೇಕು. ಬಿಚ್ಚದಿದ್ದರೆ ಹೊಗೆಯೊಂದಿಗೇ ಸಾಹೇಬರ ಮುಂದೆ ಹೋಗಬೇಕು.

ಮಾಲಕ ಬಂದು ನನ್ನ ಕೈ ಹಿಡಿದ. "ಬ್ಯಾಡ ಬಿಡ್ರಿ ಆಚಾರ್ರ. ನೀವು ಮಾಡೋದ ಮಾಡೀರಿ. ಆಕಿ ಹಣೇಬಾರದಾಗ ಇಷ್ಟ ಇತ್ತು." ಇನ್ನೊಂದು ಕೈ ಬಾನೆಟ್ಟಿನ ಮೇಲಿತ್ತು. ಬೆರಳಿಗೆ ಕುಂಕುಮ ಹತ್ತಿತ್ತು.

ಪಾನಾ ಕೆಳಗಿಟ್ಟು ಒಂದು ಗಳಿಗೆ ನಿಂತೆ. ಆಗ ಮೂಗಿಗೆ ವಾಸನೆ ಬಂತು. ಬಂಕಾಪುರದಿಂದಲೂ ಬರುತ್ತಿದ್ದ ವಾಸನೆಯೇ, ಆದರೆ ಚಿಂತೆಯ ನಡುವೆ ಗಮನ ಹೋಗಿರಲಿಲ್ಲ. ಬಿಸಿ ಎಣ್ಣೆಯಲ್ಲಿ ಮೆಣಸಿನಕಾಯಿ ಬಿಟ್ಟಂಥ ವಾಸನೆ. ಬಯಲಿನ ಅಂಚಿನಲ್ಲಿ ಮಿರ್ಚಿ ಭಜಿಯ ತಳ್ಳುಗಾಡಿ ನಿಂತಿತ್ತು. ಸರಿ, ಅಲ್ಲಿಂದ ಎಂದುಕೊಂಡೆ. ಪಾಳಿ ಬರುವ ತನಕ ಒಂದು ತಿನ್ನೋಣವೆಂದು ಆ ಕಡೆ ನಡೆದೆ.

"ಬಿಸಿ ಅವ ಏನಪಾ?"

"ಇನ್ನೂ ಒಲೀನ ಹಚ್ಚಿಲ್ರಿ," ಅಂದ ಗಾಡಿಯವನು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಣ್ಣಿನೂ ಹಾಕಿಲ್ಲ."

ಓಡಿ ಬಂದೆ. ಕಡ್ಡಿ ಎಳೆದೆ. ಎಣ್ಣೆ ಗೆರೆಗೆ ನಿಂತಿರಲಿಲ್ಲ, ಗೆರೆಯನ್ನು ಮುಳುಗಿಸಿ ಮೇಲೆ ಒಂದು ಬೆರಳಿನಷ್ಟು ಏರಿತ್ತು. ಕಡ್ಡಿಯ ತುದಿಯನ್ನು ಮೂಗಿಗೆ ಹಿಡಿದರೆ ಅಡುಗೆಮನೆ. ಒಗ್ಗರಣೆ ಹಾಕುವ ಮುಂಚಿನ ಕ್ಷಣದ ನಮ್ಮ ಮನೆಯ ಅಡುಗೆಮನೆ. ರಿಂಗಿಗೆ ಏನೂ ಆಗಿರಲಿಲ್ಲ. ಎಂಜಿನ್ನಿಗೆ ಎಣ್ಣೆ ಕಡಿಮೆಯಾದಂತೆ ಹೆಚ್ಚಾದರೂ ಕೇಡು. ತಿರುಗುವ ದಂಡವು ಅದನ್ನು ಕಡೆದು ಮೇಲಕ್ಕೆ ಎರಚುತ್ತದೆ, ಎರಚಿದ್ದು ಉರಿಯುತ್ತದೆ.

"ಯಾರ ಎಣ್ಣಿ ಹಾಕಿದ್ರು ಇದಕ್ಕ?"

ಮಾಲಕ ಕಣ್ಣು ಬಿಟ್ಟ. ಹಿಂದಿನ ಸೀಟಿನಿಂದ ಅವ್ವ ಇಳಿದು ಬಂದಳು. ಸೋತು ನಿಂತ ನಮ್ಮಿಬ್ಬರನ್ನೂ ನೋಡಿ ಅವಳಿಗೆ ಸಿಟ್ಟೇ ಬಂದಿತ್ತು.

"ಯಾಕ ಹಂಗ ನಿಂತೀರಿ? ಆಕಿ ಸೋಲಾಂಗಿಲ್ಲ. ನಾ ಉಡಿ ತುಂಬಿ ಕಳಿಸೇನಿ."

"ಏನ ತುಂಬಿದ್ಯವ್ವಾ?" ಅಂದ ಮಗ.

"ಎಲ್ಲಾರಿಗಿ ಏನ ತುಂಬತಾರ? ಅಕ್ಕಿ, ಕೊಬ್ಬರಿ, ಅರಿಷಿಣಕೊಂಬು ಸೀಟಿನ ಮ್ಯಾಲ ಇಟ್ಟೆ. ಆಕಿ ಊಟ ಬ್ಯಾರೆ ಐತಿ ಅಂತ ಆಚಾರ್ರ ಹೇಳಿದ್ರಲ್ಲ. ಕುಸುಬಿ ಎಣ್ಣಿ, ಗಾಣದ್ದು, ಐದ ಬಟ್ಟಲ ಹಾಕಿದೆ. ಬಾಯಿ ಒರಸಿ ಮುಚ್ಚಳಾ ಹಾಕೇನಿ."

ಮಾಲಕ ನನ್ನನ್ನು ನೋಡಿದ. ನಾನು ಬೇವಿನ ಗಿಡವನ್ನು ನೋಡಿದೆ.

ಸಿಟ್ಟು ಬರಬೇಕಿತ್ತು. ಬಂದದ್ದು ಎಂಥ ಸಮಾಧಾನವೆಂದರೆ ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ಎಣ್ಣೆ ಪೂರ್ತಿ ಇಳಿಸಿ ಹೊಸದು ಹಾಕಿದರೆ ಮುಗಿಯಿತು. ಚಿಂತೆ ಮಾಡುವವನ ಡಿಕ್ಕಿಯಲ್ಲಿ ಏನಿರುವುದಿಲ್ಲ? ಎರಡು ಡಬ್ಬಿ ಹೊಸ ಎಣ್ಣೆ, ಪ್ಲಗ್ಗು, ಬೆಲ್ಟು, ತಂತಿ, ಬಕೀಟು. ಎಲ್ಲವನ್ನೂ ಹಿಂದಿನ ದಿನವೇ ತುಂಬಿಸಿದ್ದೆ, ನನ್ನಾಕೆ ನಕ್ಕಿದ್ದಳು. ಬಕೀಟು ತಂದು ಚೇಂಬರಿನ ಕೆಳಗೆ ಇಡಲು ಬಗ್ಗಿದೆ.

"ಏನ ಮಾಡಾಕತ್ತೀರಿ?" ಅಂದಳು ಅವ್ವ.

"ಎಣ್ಣಿ ತಗೀಬೇಕ್ರಿ. ಹೆಚ್ಚಾಗೇದ."

"ತುಂಬಿದ ಉಡಿ ತಗೀತೀರಿ?" ಆಕೆಯ ದನಿ ಸಣ್ಣದಾಯಿತು. ಸಿಟ್ಟು ಹೋಗಿ ಭಯ ಬಂದಿತ್ತು. "ಹೊಂಟ ಮಗಳ ಉಡಿ ಕಸಗೊಂಡ ಚೆಲ್ಲತಾರೇನ್ರಿ ಯಾರಾರ? ಬ್ಯಾಡ್ರಿ ಆಚಾರ್ರ. ಅದು ಛಲೋ ಅಲ್ಲ."

"ಅವ್ವಾ, ಸುಮ್ನಿರು," ಅಂದ ಮಗ. ಅವಳು ಸುಮ್ಮನಿರಲಿಲ್ಲ, ಬಂದು ಬಂಪರಿಗೆ ಅಡ್ಡ ನಿಂತಳು. ಮುಂದಿನ ಲಾರಿ ಒಂದು ಜಾಗ ಸರಿಯಿತು. ಇಂಥ ಕಡೆ ಮೇಸ್ತ್ರಿಯ ಮಾತಿಗೆ ಬೆಲೆಯಿಲ್ಲ. ಹೆಚ್ಚಾದ ಎಣ್ಣೆ, ಕಡೆಯುವ ದಂಡ, ಯಾವುದೂ ಆ ಮುಖದ ಮುಂದೆ ನಿಲ್ಲುವಂತಿರಲಿಲ್ಲ. ಆಕೆಯನ್ನು ಸರಿಸಿ ಎಣ್ಣೆ ಇಳಿಸಬಹುದಿತ್ತು, ಮಗ ಹಿಡಿದುಕೊಳ್ಳುತ್ತಿದ್ದ. ಆದರೆ ಆಮೇಲೆ ಕಾರು ಪಾಸಾದರೂ, ಮುಂದೆ ಅದಕ್ಕೆ ಏನೇ ಕೇಡಾದರೂ ಉಡಿ ಚೆಲ್ಲಿದ್ದೇ ಕಾರಣವೆಂದು ಆ ಮನೆಯಲ್ಲಿ ಅನ್ನುತ್ತಿದ್ದರು.

ಎದ್ದು ನಿಂತೆ. ಟವೆಲ್ಲಿನಿಂದ ಕೈ ಒರೆಸಿಕೊಂಡೆ. ಹುಟ್ಟಿದ ಮೇಲೆ ಮೊದಲ ಸಲ ಆಚಾರ್ಯರ ದನಿ ತೆಗೆದೆ.

"ಅವ್ವಾರ, ಉಡಿ ತುಂಬಿಸಿಕೊಂಡಾಕಿ ಅದನ್ನ ಎಲ್ಲೀ ಮಟಾ ಒಯ್ಯಬೇಕು?"

"ಹೋಗೋ ಊರ ಮಟಾ."

"ಊರು ಮುಟ್ಟಿದ ಮ್ಯಾಲೆ?"

"ಬಿಚ್ಚಿ ಇಡತಾಳ."

"ಈಕಿ ಯಾವೂರಿಗಿ ಹೊಂಟಿದ್ಲು?"

ಅವ್ವ ಸುತ್ತ ನೋಡಿದಳು. "ಹಾನಗಲ್ಲಿಗಿ."

"ಮುಟ್ಟ್ಯಾಳಲ್ಲ? ಈಗ ಬಿಚ್ಚಿ ಇಡ್ಲಿಲ್ಲಂದ್ರನ ದೋಷ."

ಯಾವ ಗ್ರಂಥದಲ್ಲಿದೆ ಎಂದು ಯಾರೂ ಕೇಳಬೇಡಿ. ನಮ್ಮ ಹಿರಿಯರು ಎಷ್ಟೋ ವಿಷಯಕ್ಕೆ ನಿರ್ಣಯ ಹೇಳಿದವರು, ಚೇಂಬರಿನ ಎಣ್ಣೆಗೆ ಹೇಳಿದವನು ನಾನೊಬ್ಬನೇ. ಆಕೆ ಬಹಳ ಯೋಚಿಸಿದಳು. ಕೊನೆಗೆ, "ಹಂಗಾರ ನೆಲಕ್ಕ ಬೀಳಬಾರದು, ಒಂದ ಹನೀನೂ," ಅಂದಳು. ಚೀಲದಿಂದ ಹೊಸ ಕುಪ್ಪಸದ ಖಣ ತೆಗೆದು ನೆಲಕ್ಕೆ ಹಾಸಿ, ಬಕೀಟಿಗೆ ಕುಂಕುಮ ಹಚ್ಚಿ, ಅದರ ಮೇಲಿಟ್ಟಳು.

ನಾನು ಅಂಗಾತ ಮಲಗಿ ಕೆಳಗೆ ಸರಿದು ನಟ್ಟು ಬಿಚ್ಚಿದೆ. ಬಿಸಿ ಎಣ್ಣೆ ಕೈಮೇಲೆ ಹರಿಯಿತು. "ಸ್ಸ್" ಅಂದರೂ ಕೈ ಎಳೆಯಲಿಲ್ಲ, ಎಳೆದರೆ ಹನಿ ನೆಲಕ್ಕೆ ಬೀಳುತ್ತಿತ್ತು. ಬಕೀಟಿನ ಆ ಕಡೆ ಆಕೆಯ ಎರಡು ಕೈ ಬೊಗಸೆಯಾಗಿ ಕಾಯುತ್ತಿದ್ದುದು ಕಾಣುತ್ತಿತ್ತು. ಕೊನೆಯ ಹನಿ ಬೀಳುವ ತನಕ ಕಾದು ನಟ್ಟು ಬಿಗಿದೆ.

ಹೊಸ ಎಣ್ಣೆ ಗೆರೆಗೆ ಸರಿಯಾಗಿ ಹಾಕಿ, ಗಾಡಿಯನ್ನು ಸಾಲಿನಿಂದ ಆಚೆ ತಂದು ನಿಲ್ಲಿಸಿ ಎಂಜಿನ್ ಜೋರಾಗಿ ನಡೆಸಿದೆವು. ಒಳಗೆ ಉಳಿದದ್ದೆಲ್ಲ ಉರಿದು ಹೋಗಬೇಕಿತ್ತು. ಮೊದಲು ಬಂದ ಹೊಗೆಗೆ ಬಯಲೇ ಮುಚ್ಚಿಹೋಯಿತು. ಲಾರಿಯ ಮೇಲಿನಿಂದ ಒಬ್ಬ ಡ್ರೈವರ್ ಕೂಗಿದ: "ಆಚಾರ್ರ, ಹೋಮಾ ಹಾಕೀರೇನ್ರಿ? ಪ್ರಸಾದ ಯಾವಾಗ?" ಹೊಗೆ ತೆಳುವಾಯಿತು. ಎಳೆಯಾಯಿತು. ನಾನು ಸೈಲೆನ್ಸರಿನ ಹಿಂದೆ ಮಂಡಿಯೂರಿ ಕೂತಿದ್ದೆ. ಕರವಸ್ತ್ರ ಹಿಡಿದೆ, ಮಾಸಿತು. ಮಗ್ಗಲು ಬದಲಿಸಿ ಹಿಡಿದೆ. ಮತ್ತೆ ಹಿಡಿದೆ. ನಮ್ಮ ಪಾಳಿ ಬಂದಾಗ ಕರವಸ್ತ್ರದಲ್ಲಿ ಬಿಳಿ ಜಾಗ ಉಳಿದಿರಲಿಲ್ಲ, ಹಾಗಾಗಿ ಕೊನೆಯ ಪರೀಕ್ಷೆ ಏನಾಯಿತೆಂದು ನನಗೂ ಗೊತ್ತಿರಲಿಲ್ಲ.

ಸಾಹೇಬರು ದೀಪ ನೋಡಿದರು. ಬ್ರೇಕು ಹಿಡಿಸಿದರು. ಚೆಂಡುಹೂವಿನ ಮಾಲೆಯನ್ನು ನಂಬರು ಕಾಣುವಂತೆ ಬೆರಳಿನಿಂದ ಸರಿಸಿದರು.

"ಇದ ಶಿಗ್ಗಾವಿಯ ಭಟ್ಟಿ ಅಲ್ಲೇನು?"

"ಹೌದ್ರಿ ಸಾಹೇಬ್ರ," ಅಂದ ಮಾಲಕ.

ಜೇಬಿನಿಂದ ಕಾಗದ ತೆಗೆದು ಹಿಂದೆ ಹೋದರು. "ಜೋರ ಮಾಡ್ರಿ. ಇನ್ನೂ. ಬಿಡ್ರಿ." ಕಾಗದವನ್ನು ಬೆಳಕಿಗೆ ಹಿಡಿದರು. ಅದರ ಮೇಲೆ ಒಂದಿಷ್ಟು ಮಂಜು ಮಂಜಾದ ಗುರುತು, ಅಷ್ಟೇ. ಆಮೇಲೆ ಮೂಗು ಏರಿಸಿದರು.

"ಏನೋ ಕರಿದ ವಾಸನಿ ಬರತದಲ್ಲ?"

"ಅಲ್ಲಿ ಮಿರ್ಚಿ ಗಾಡಿ ಅದರೀ," ಅಂದೆ. ದೇವರ ದಯೆ, ಅವನು ಅಷ್ಟೊತ್ತಿಗೆ ಒಲೆ ಹಚ್ಚಿದ್ದ.

ಸಾಹೇಬರು ಮಿರ್ಚಿ ಗಾಡಿ ನೋಡಿದರು, ನನ್ನ ಕೈ ನೋಡಿದರು, ಕುಂಕುಮ ಹಚ್ಚಿದ ಬಕೀಟನ್ನು ಎರಡೂ ಕೈಯಿಂದ ಅಪ್ಪಿಕೊಂಡು ನಿಂತ ಅವ್ವನನ್ನು ನೋಡಿದರು. "ಪಾಸ್," ಅಂದು ಟೇಬಲ್ಲಿನ ಕಡೆ ನಡೆದರು.

ಮರಳುವಾಗ ನಾನು ಸೀಟಿನ ಮೇಲೆ ನೆಟ್ಟಗೆ ಕೂತು ಹಾನಗಲ್ಲಿನ ಗದ್ದೆಗಳನ್ನು ನೋಡಿದೆ. ಮಾಲಕ ಹಾಡು ಗುನು ಗುನು ಅನ್ನುತ್ತಿದ್ದ. ಬಂಕಾಪುರದ ಹತ್ತಿರ ಹಿಂದಿನ ಸೀಟಿನಿಂದ ಅವ್ವ ಮಗನಿಗೆ ಅಂದಳು:

"ಆ ಗುಜರಿಯಾವ ಇನ್ನ ಮನೀಕಡೆ ಬರಬಾರದು ಅಂತ ಹೇಳು."

ಮಗನ ಹಾಡು ನಿಂತಿತು. "ನಿನಗ್ಯಾರ ಹೇಳಿದ್ರು?"

"ಯಾರ ಹೇಳಬೇಕು? ಆಂವ ಆಕಿ ಬಾಗಲಾ ಬಡೀವಾಗ ನಾ ಒಳಗ ರೊಟ್ಟಿ ಬಡ್ಯಾಕತ್ತಿದ್ದೆ. ಎಲ್ಲಾ ಕೇಳಿದೆ. ನೀನೂ ಹೂಂ ಅಂದ್ಯಲ್ಲ, ಅದನ್ನೂ ಕೇಳಿದೆ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದಳು, ನನಗೋ, ಕಿಟಕಿಗೋ. "ತಿರಗಿ ಬರತಾಳೋ ಇಲ್ಲೋ ಅಂತ ಐದೂ ಬಟ್ಟಲ ತುಂಬಿದೆ. ಬರೇ ಪರೀಕ್ಷಾಕ್ಕಂದ್ರ ಒಂದ ಬಟ್ಟಲ ಸಾಕಾಗಿತ್ತು."

ಬಕೀಟಿನ ಎಣ್ಣೆಯನ್ನು ಹುಲಗೂರಿನಲ್ಲಿ ಒಂದು ಡಬ್ಬಿಗೆ ಸುರಿದಿಟ್ಟಳು. ಅದು ಎತ್ತಿನ ಚಕ್ಕಡಿಯ ಗಾಲಿಗೆ ಬಹಳ ದಿನ ಬಂತು ಎಂದು ಮಾಲಕ ಆಮೇಲೆ ಹೇಳಿದ. ಸೀಟಿನ ಮೇಲಿನ ಅಕ್ಕಿ ಕೊಬ್ಬರಿಯನ್ನು ನನ್ನ ಟವೆಲ್ಲಿಗೆ ಕಟ್ಟಿದಳು. ಮನೆಗೆ ಒಯ್ದಾಗ, ಗ್ರೀಸಿನ ಗಂಟಿನೊಳಗಿನ ಅರಿಷಿಣಕೊಂಬು ನೋಡಿ ನನ್ನಾಕೆ ಬಿಸಿನೀರು ಕಾಯಿಸಿಟ್ಟಳು.

ಮರುವರ್ಷ ಪಾಸಿಂಗಿನ ಹಿಂದಿನ ದಿನ ನಾನೇ ಹುಲಗೂರಿಗೆ ಹೋದೆ. ಅಂಗಳದಲ್ಲಿ ಹಳೆಯ ಎಣ್ಣೆ ಇಳಿಸಿ ಹೊಸದು ಹಾಕಿದೆ, ಆದರೆ ಗೆರೆಗೆ ಸ್ವಲ್ಪ ಕಡಿಮೆಯೇ ನಿಲ್ಲಿಸಿದೆ. ಉಳಿದದ್ದನ್ನು ಅವ್ವನ ಹಿತ್ತಾಳೆಯ ಬಟ್ಟಲಿಗೆ ಬಿಟ್ಟು, "ಕುಸುಬಿದು ಬ್ಯಾಡ, ಇದನ್ನ ಹಾಕ್ರಿ," ಅಂದೆ. ಆಕೆ ತಲೆಯ ಮೇಲೆ ಸೆರಗು ಹೊದ್ದು, ಬಗ್ಗಿ, ಐದು ಸಲ ಇಷ್ಟಿಷ್ಟೇ ಸುರಿದು, ಸೆರಗಿನ ತುದಿಯಿಂದ ಬಾಯಿ ಒರೆಸಿ ಮುಚ್ಚಳ ತಿರುವಿದಳು.

ಆ ಕಾರು ಓಡಿದಷ್ಟು ವರ್ಷವೂ ಹಾಗೆಯೇ ನಡೆಯಿತು. ಆಕೆ ಒಳಗೆ ಹೋಗಿ ಚಹಾಕ್ಕೆ ಇಡುವ ತನಕ ಕಾದು, ನಾನು ಸದ್ದಾಗದಂತೆ ಬಾನೆಟ್ಟು ಎತ್ತಿ ಕಡ್ಡಿ ಎಳೆದು ನೋಡುತ್ತಿದ್ದೆ. ಸರಿಯಾಗಿ ಗೆರೆಗೆ ಇರುತ್ತಿತ್ತು. ಒರೆಸಿ, ಇನ್ನೊಮ್ಮೆ ನೋಡುತ್ತಿದ್ದೆ.